ಜಾಲಿ ಎಂದು ಓದಿದ ಚೀಟಿ

ಹೊಸಕಟ್ಟೆ, ಬಳ್ಳಾರಿ ಸೀಮೆ
ಫಾಲ್ಗುಣ ನಲವತ್ತಮೂರು, ೨೧೯೪

ನೂರ ಎಪ್ಪತ್ತು ವರ್ಷ ಹಿಂದೆ, ಮಗುವಿನ ಅಂಗಿಯ ತೋಳು ಮಡಿಸಿಕೊಂಡು ಲ್ಯಾಬಿನ ಬೆಂಚಿನ ಮೇಲೆ ಕುಳಿತಿರುವ ತಾಯಂದಿರಿಗೆ, ತಂದೆಯರಿಗೆ,

ತಾರೀಕು ನೋಡಿ ಹುಬ್ಬೇರಿಸಬೇಡಿ, ಬರೆಯುವವಳಿಗೆ ತಲೆ ಕೆಟ್ಟಿಲ್ಲ. ನಿಮ್ಮ ಫಾಲ್ಗುಣಕ್ಕೆ ಮೂವತ್ತು ದಿನ. ಅಮಾವಾಸ್ಯೆ ಬಂದರೆ ಅದು ಮರ್ಯಾದೆಯಾಗಿ ಎದ್ದು ಹೋಗುತ್ತದೆ. ನಮ್ಮಲ್ಲಿ ಚಂದ್ರನ ಮಾತು ನಡೆಯುವುದಿಲ್ಲ. ಊರ ನಡುವಿನ ಕಂಬದ ತುದಿಯಲ್ಲಿ ಗಾಳಿಯೊಳಗಿನ ಪರಾಗ ಎಣಿಸುವ ಪೆಟ್ಟಿಗೆ ಇದೆ. ಅದರ ಅಂಕೆ ಇಳಿಯುವವರೆಗೆ ಫಾಲ್ಗುಣ ಮುಗಿಯುವುದಿಲ್ಲ, ಯುಗಾದಿ ಬರುವುದಿಲ್ಲ. ಹೋದ ಸಲ ಐವತ್ತೆಂಟನೆಯ ದಿನಕ್ಕೆ ಮುಗಿಯಿತು. ಬೇವಿನ ಹೂ ಒಣಗಿ ಉದುರಿದ ಮೇಲೆ ಬೇವು ಬೆಲ್ಲ ತಿನ್ನುವ ಜನ ನಾವು.

ನನ್ನ ಬರಹದಲ್ಲಿ ನಿಮಗೆ ತಿಳಿಯದ ನಾಲ್ಕಾರು ಪದ ಬರುತ್ತವೆ. ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಪದ ಬಿಡಿಸುವುದೇ ನನ್ನ ಕಸುಬು. ಹೆಸರು ಗಾಳೆಮ್ಮ. ಉಸಿರಾಡಲು ಗಾಳಿ ಆಗಿಬರದ ಊರಿನಲ್ಲಿ ಇಂಥ ಹೆಸರೇ ಎಂದು ನಗುವವರು ನಕ್ಕುಬಿಡಿ, ನಾನೇ ನಕ್ಕು ಮುಗಿಸಿದ್ದೇನೆ. ವಯಸ್ಸು ಅರವತ್ತಮೂರು. ಕೆಲಸ ಚೀಟಿಗಾರ್ತಿ. ಅಂದರೆ ರಕ್ತಶಾಲೆಯಿಂದ ಬಂದ ಚೀಟಿಯನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳುವವಳು. ನೀವು ಲ್ಯಾಬ್ ರಿಪೋರ್ಟು ಅನ್ನುತ್ತೀರಿ, ನಾವು ಚೀಟಿ ಅನ್ನುತ್ತೇವೆ. ನಿಮಗೂ ಅದು ಅರ್ಥವಾಗುತ್ತಿರಲಿಲ್ಲ, ನಮಗೂ ಆಗುವುದಿಲ್ಲ. ಇಷ್ಟು ವರ್ಷದಲ್ಲಿ ಬದಲಾಗದೆ ಉಳಿದದ್ದು ಇದೊಂದೇ ಇರಬೇಕು.

ಇಲ್ಲಿ ಮಗುವಿಗೆ ಐದು ತುಂಬಿದ ಕೂಡಲೇ ಪುಷ್ಯ ಮಾಸದಲ್ಲಿ ರಕ್ತ ತೆಗೆಯುತ್ತಾರೆ. ಸೂಜಿ ನಿಮ್ಮ ಕಾಲದ್ದೇ, ಅಳುವೂ ನಿಮ್ಮ ಕಾಲದ್ದೇ. ಚರ್ಮ ಚುಚ್ಚಿ ನೋಡುವ ಪರೀಕ್ಷೆಯೂ ಇತ್ತಂತೆ, ಆದರೆ ನಮ್ಮ ಮಕ್ಕಳ ಮೈಯೆಲ್ಲ ಕಜ್ಜಿ. ಗುರುತು ಮಾಡಲು ಒಂದು ಗೇಣು ನೆಟ್ಟಗಿನ ಚರ್ಮ ಸಿಗಬೇಕಲ್ಲ. ಹಾಗಾಗಿ ರಕ್ತವೇ ಗತಿ. ತೆಗೆದ ರಕ್ತವನ್ನು ಗರಗರ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡುತ್ತಾರೆ. ಒಂದು ಪಟ್ಟಿಯ ಮೇಲೆ ಮೂವತ್ತಾರು ಚುಕ್ಕೆ. ಒಂದರಲ್ಲಿ ಹಾಸಿಗೆ ಧೂಳಿನ ಹುಳ, ಒಂದರಲ್ಲಿ ಬೂಷ್ಟು, ಒಂದರಲ್ಲಿ ಜಿರಳೆ, ಉಳಿದವುಗಳಲ್ಲಿ ಹುಲ್ಲು ಮರಗಳ ಪರಾಗ. ಮಗುವಿನ ರಕ್ತ ಯಾವ ಚುಕ್ಕೆಯ ಮೇಲೆ ಜಗಳಕ್ಕೆ ನಿಲ್ಲುತ್ತದೋ ಅದಕ್ಕೆ ದರ್ಜೆ ಬೀಳುತ್ತದೆ, ಸೊನ್ನೆಯಿಂದ ಆರರವರೆಗೆ. ಅಲ್ಲಿಗೆ ರಕ್ತಶಾಲೆಯ ಕೆಲಸ ಮುಗಿಯಿತು, ನನ್ನದು ಶುರು.

ಚೀಟಿಯಿಂದಲೇ ಮಗುವಿನ ಹಣೆಬರಹ. ದರ್ಜೆ ಮೂರು ದಾಟಿದರೆ ಅದು ಒಳಮಗು. ಹೂಬಿಡುವ ಕಾಲದಲ್ಲಿ ಒದ್ದೆ ಅರಿವೆ ಕಟ್ಟಿದ ಕಿಟಕಿಯ ಹಿಂದೆಯೇ ಅದರ ಆಟ, ಪಾಠ, ಊಟ. ಮೂರರೊಳಗಿದ್ದರೆ ಹೊರಮಗು, ಬೀದಿ ಅದರದ್ದು. ಶಾಲೆಗೆ ಎರಡು ಬಾಗಿಲು. ಬೀಗತನ ಮಾಡುವವರು ಈಗ ಜಾತಕ ಕೇಳುವುದಿಲ್ಲ, ಚೀಟಿ ಕೇಳುತ್ತಾರೆ. ಆರು ದರ್ಜೆಯ ಹುಡುಗಿಗೆ ಗಂಡು ಸಿಗುವುದು ಹಿಂದೆ ಮೂಲಾ ನಕ್ಷತ್ರದವಳಿಗೆ ಸಿಕ್ಕಷ್ಟೇ ಸುಲಭ. ನಾನು ಕಣ್ಣಾರೆ ಎಣಿಸಿದ್ದೇನೆ: ದರ್ಜೆ ನಾಲ್ಕು ಇರುವ ಒಂಬತ್ತು ಮಕ್ಕಳು ಒಮ್ಮೆಯೂ ಸೀನದೆ ಬೆಳೆದವು, ದರ್ಜೆ ಎರಡರ ಮೂವರು ಪ್ರತಿ ಫಾಲ್ಗುಣದಲ್ಲಿ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಅಂಕೆ ಒಂದು ಕಡೆ, ಮಗು ಒಂದು ಕಡೆ. ಚೀಟಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿರುತ್ತಿತ್ತು: ಮಗುವಿಗೆ ತೊಂದರೆ ಯಾವಾಗ, ಎಲ್ಲಿ, ಹೇಗೆ ಆಗುತ್ತದೆಂದು ಕೇಳಿ ಈ ಫಲಿತಾಂಶವನ್ನು ಅದರೊಂದಿಗೆ ಹೋಲಿಸಿ ನೋಡುವುದು. ನಿಮ್ಮ ರಿಪೋರ್ಟಿನ ಕಾಲಬುಡದಲ್ಲೂ ಅಂಥದ್ದೊಂದು ಸಾಲು ಇದ್ದೀತು. ನಾನು ಅದನ್ನು ಓದುತ್ತಿರಲಿಲ್ಲ. ಮನೆಯವರಿಗೆ ಬೇಕಾದದ್ದು ಒಂದು ಹೆಸರು. ಹೆಸರು ಕೊಟ್ಟರೆ ಅವರಿಗೆ ಸಮಾಧಾನ, ಪ್ರಶ್ನೆ ಕೇಳಿದರೆ ಇವಳಿಗೇನೂ ಬರುವುದಿಲ್ಲವೆಂಬ ಗುಮಾನಿ.

ನಾನು ಶಾಲೆಗೆ ಹೋದವಳಲ್ಲ. ಚಿಕ್ಕವಳಿದ್ದಾಗ ಮನೆಮನೆಯ ಮೂಗುಬಟ್ಟೆ ಒಗೆಯುತ್ತಿದ್ದೆ; ಜೇಬುಗಳಲ್ಲಿ ಮರೆತುಬಿಟ್ಟ ಚೀಟಿಗಳನ್ನು ಒಣಗಿಸಿ ಅಕ್ಷರ ಕೂಡಿಸುತ್ತ ಓದು ಕಲಿತೆ. ಡಾಕ್ಟರು ಬರುವುದು ತಿಂಗಳಿಗೊಂದು ಸಲ, ನಾನು ಯಾವಾಗಲೂ ಇದ್ದೆ. ಬರಬರುತ್ತ ಹನ್ನೊಂದು ಊರಿನವರು ನನ್ನ ಬಾಯಿಗೇ ಕಾಯತೊಡಗಿದರು. ನನ್ನ ಹೆಚ್ಚುಗಾರಿಕೆ ಏನೆಂದರೆ, ಎಂಥ ಮಾರುದ್ದದ ಹೆಸರನ್ನಾದರೂ ಒಂದೇ ಕನ್ನಡ ಪದದಲ್ಲಿ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಅದನ್ನು ಜಾಣತನ ಅಂದರು ಜನ. ನಾನೂ ಅಂದುಕೊಂಡೆ.

ಎರಡು ವರ್ಷದ ಹಿಂದಿನ ಪುಷ್ಯದಲ್ಲಿ ಹೊಸಕಟ್ಟೆಯ ಹದಿನೇಳು ಮಕ್ಕಳ ಚೀಟಿಯಲ್ಲಿ ಒಂದೇ ಸಾಲು ಎದ್ದು ಕಾಣುತ್ತಿತ್ತು: ಪ್ರೊಸೋಪಿಸ್, ದರ್ಜೆ ಐದು. ಕೆಲವರಿಗೆ ಆರು. ಹದಿನೇಳರಲ್ಲಿ ಒಬ್ಬಳು ನನ್ನ ಮೊಮ್ಮಗಳು ಹಂಪವ್ವ. ತಾಯಿಯಿಲ್ಲದ ಮಗು, ನನ್ನ ಮಡಿಲಲ್ಲೇ ಬೆಳೆದದ್ದು. ಅವಳ ಕೆಮ್ಮು ನನಗೆ ಗಡಿಯಾರವಿದ್ದ ಹಾಗೆ. ಫಾಲ್ಗುಣ ಬಂತೆಂದರೆ ಕಣ್ಣು ಕೆಂಡ, ಮೂಗು ಕಾಲುವೆ, ಎದೆಯಲ್ಲಿ ಬೆಕ್ಕಿನ ಮರಿ ಕೂಗಿದಂಥ ಸದ್ದು. ಚೀಟಿ ಬರುವ ಮೊದಲೇ, ಕೆಮ್ಮು ನೋಡಿ, ಎರಡು ಫಾಲ್ಗುಣ ಅವಳನ್ನು ಕಿಟಕಿಯ ಹಿಂದೆ ಕೂಡಿಹಾಕಿದ್ದೆ. ಮೂರನೆಯದಕ್ಕೆ ಅವಳನ್ನು ಬೀದಿಗೆ ಬಿಡಬೇಕು, ಉಳಿದವರ ಜೊತೆ ಓಡಬೇಕು ಅವಳು, ನನಗೆ ಬೇಕಾದದ್ದು ಅಷ್ಟೇ.

ಪ್ರೊಸೋಪಿಸ್ ಅಂದರೆ ಜಾಲಿ ಎಂದು ಎಲ್ಲೋ ಓದಿದ್ದು ನೆನಪಿತ್ತು. ಹದಿನೇಳೂ ಮನೆಗೆ ಹೋಗಿ ಅದನ್ನೇ ಹೇಳಿದೆ. ಜಾಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಸೀಮೆಯಲ್ಲಿ ಜಾಲಿ ಎರಡು. ಒಂದು ಕರಿಜಾಲಿ, ಹಳೆಯ ಮರ, ಹಳದಿ ಗುಂಡಿನಂಥ ಹೂ, ನೇಗಿಲಿಗೆ, ಹಲ್ಲುಜ್ಜುವ ಕಡ್ಡಿಗೆ, ಕುರಿಯ ಹೊಟ್ಟೆಗೆ, ಎಲ್ಲಕ್ಕೂ ಬರುವಂಥದ್ದು. ಇನ್ನೊಂದು ನೀವು ಬಳ್ಳಾರಿ ಜಾಲಿ ಅನ್ನುವುದು. ಹೊರಗಿನಿಂದ ಬಂದದ್ದು, ಬರಡು ನೆಲ ಹಸಿರಾಗಲಿ, ಒಲೆಗೆ ಸೌದೆಯಾಗಲಿ ಎಂದು ನಿಮ್ಮ ಹಿಂದಿನವರು ಬೀಜ ಹಾಕಿಸಿದ್ದಂತೆ. ಅದು ಹಸಿರಾಗಿಸಿತು, ಇಲ್ಲವೆನ್ನುವುದಿಲ್ಲ. ಬತ್ತಿದ ಕಾಲುವೆಯ ಏರಿ, ಗಣಿಯ ಮಣ್ಣುಗುಡ್ಡ, ಕೆರೆಯಂಗಳ, ಕಣ್ಣು ಹಾಯುವವರೆಗೂ ಅದೇ. ಬಳ್ಳಾರಿ ಎಂಬ ಹೆಸರು ಅದಕ್ಕೆ ಹತ್ತಿದ್ದು ಬೇರೆ ಊರಿನವರ ಬಾಯಲ್ಲಿ. ಬಳ್ಳಾರಿಯವರು ಅದನ್ನು ಹಾಗೇಕೆ ಕರೆದಾರು? ನಮ್ಮ ಹಿರಿಯರು ಸರ್ಕಾರಿ ಜಾಲಿ ಅನ್ನುತ್ತಿದ್ದರು. ನಾಲಿಗೆ ಸವೆದು ಜಾಲಿ ಉದುರಿಹೋಗಿ, ನಮ್ಮ ಕಾಲಕ್ಕೆ ಬರೀ ಸರ್ಕಾರಿ ಉಳಿಯಿತು. ಸರ್ಕಾರಿ ಕಡಿದು ತಾ, ಸರ್ಕಾರಿಯ ಮುಳ್ಳು ಚುಚ್ಚಿತು, ಸರ್ಕಾರಿಗೆ ಹೂ ಬಂತು. ಹೊಸಕಟ್ಟೆಯಲ್ಲಿ ಜಾಲಿ ಎಂದರೆ ಕರಿಜಾಲಿ ಒಂದೇ. ಪ್ರೊಸೋಪಿಸ್ ಅನ್ನುವುದು ಸರ್ಕಾರಿಯ ಹೆಸರು. ನಾನು ಅದಕ್ಕೆ ಊರಿನವರು ಕರಿಜಾಲಿಗೆ ಇಟ್ಟ ಹೆಸರನ್ನು ಕೊಟ್ಟೆ, ಊರು ಕರಿಜಾಲಿಯ ಕಡೆ ತಿರುಗಿ ನೋಡಿತು. ನಾನೂ ಊರಿನವಳೇ ತಾನೇ, ನಾನೂ ಅತ್ತಲೇ ನೋಡಿದೆ.

ಊರಿನ ಪಡುವಣಕ್ಕೆ ಕುರಿ ತರುಬುವ, ಅಂದರೆ ಮಂದೆ ನಿಲ್ಲಿಸುವ ಜಾಗದಲ್ಲಿ ನಲವತ್ತೊಂದು ಕರಿಜಾಲಿ ಮರಗಳಿದ್ದವು. ಜಡೆಪ್ಪನ ವಂಶದವರು ನೆಟ್ಟದ್ದು. ಜಡೆಪ್ಪ ಎಂದರೆ ಕುರಿ ಕಾಯುವವನು, ನನಗಿಂತ ನಾಲ್ಕು ವರ್ಷ ಚಿಕ್ಕವನು, ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಮರಗಳನ್ನು ಕಡಿಯಬೇಕೆಂದು ಊರು ಕರೆದ ಸಭೆಯಲ್ಲಿ ಅವನು ಹಿಂದುಗಡೆ ನಿಂತು ಕೈ ಎತ್ತಿದ. ಎತ್ತಿದ ಕೈಯನ್ನು ಬಹಳ ಹೊತ್ತು ಯಾರೂ ನೋಡಲಿಲ್ಲ. ಆಮೇಲೆ ಹೇಳಿದ:

"ಯಕ್ಕಾ, ಇದಕ್ಕ ಹೂ ಬರೋದು ಮಳಿಗಾಲದಾಗ. ಮಕ್ಳು ಕೆಮ್ಮೋದು ಚಳಿ ಹೋದಮ್ಯಾಲೆ. ಹೊಂದಂಗಿಲ್ಲಲ್ಲ."

ಚೀಟಿಯ ಕೊನೆಯ ಸಾಲು ಮಾಡಿ ಎಂದದ್ದನ್ನು ಆ ಸಭೆಯಲ್ಲಿ ಮಾಡಿದವನು ಅವನೊಬ್ಬನೇ, ಓದು ಬಾರದವನು. ನನಗೆ ಮೈ ಉರಿಯಿತು. ನನ್ನ ಬಾಯಿಗೆ ಎಂದೂ ಮಾತಿನ ಬರ ಬಂದಿಲ್ಲ.

"ರಕ್ತ ಸುಳ್ಳು ಹೇಳಂಗಿಲ್ಲ ಜಡೆಪ್ಪ," ಅಂದೆ. "ಮರದ ಮ್ಯಾಲೆ ಆಸಿ ಇದ್ದೋರು ಹೇಳ್ತಾರ."

ಸಭೆಯೆಲ್ಲ ನಕ್ಕಿತು. ಆ ನಗು ನನಗೆ ಬೆಲ್ಲದ ಹಾಗೆ ಇಳಿಯಿತು. ಜಡೆಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ರಕ್ತ ಸುಳ್ಳು ಹೇಳಿರಲಿಲ್ಲ, ಅದು ಇವತ್ತಿಗೂ ಖರೆ. ಸುಳ್ಳು ಸೇರಿದ್ದು ರಕ್ತಶಾಲೆಗೂ ಊರಿಗೂ ನಡುವೆ ನಾಲ್ಕು ಹೆಜ್ಜೆಯ ಹಾದಿಯಲ್ಲಿ, ನನ್ನ ಬಾಯಲ್ಲಿ.

ಎರಡು ದಿನದಲ್ಲಿ ನಲವತ್ತೊಂದೂ ನೆಲಕ್ಕೆ ಬಿದ್ದವು. ಬುಡ ಸಹಿತ ಕಿತ್ತರು. ಮರ ಕಡಿಯುವುದಕ್ಕೆ ಅಷ್ಟು ಉತ್ಸಾಹದಿಂದ ಜನ ಸೇರಿದ್ದನ್ನು ನಾನು ಬೇರೆ ಯಾವ ಒಳ್ಳೆಯ ಕೆಲಸದಲ್ಲೂ ನೋಡಿಲ್ಲ. ನಮ್ಮ ನಿಯಮ ಹೀಗಿದೆ: ಆಗಿಬರದ ವಸ್ತುವನ್ನು ಊರಿನಿಂದ ತೆಗೆದರೆ ಒಳಮಗುವನ್ನು ಹೊರಮಗು ಮಾಡಬಹುದು. ಹದಿನೇಳು ಮನೆಯ ಕಿಟಕಿಯ ಒದ್ದೆ ಅರಿವೆ ಬಿಚ್ಚಿದರು. ಫಾಲ್ಗುಣ ಐದಕ್ಕೆ ಹಂಪವ್ವ ಬೀದಿಗಿಳಿದಳು. ಚಪ್ಪಲಿ ಹಾಕಿಕೊಳ್ಳದೆ ಓಡಿದಳು.

ಬಿಸಿಲು ಏರಿದರೆ ಮಕ್ಕಳು ನೆರಳು ಹುಡುಕುತ್ತವೆ. ಕರಿಜಾಲಿಯ ನೆರಳು ಹೋಗಿತ್ತು. ಊರಿಗೆ ಉಳಿದ ನೆರಳು ಒಂದೇ, ಕಾಲುವೆ ಏರಿಯ ಸರ್ಕಾರಿ ಪೊದೆ. ಅದಕ್ಕೆ ಆಗ ಹೂಬಿಡುವ ಕಾಲ. ಇಲಿಯ ಬಾಲದಂಥ ಹಳದಿ ಗೊಂಚಲು ಕೊಂಬೆ ಕೊಂಬೆಗೂ ಜೋಲುತ್ತಿದ್ದವು. ಅದರಡಿಯಲ್ಲಿ ಹದಿನೇಳು ಮಕ್ಕಳು ಮನೆಯಾಟ ಆಡಿದವು. ಹೂ ಉದುರಿಸಿ ಅನ್ನ ಮಾಡಿದವು. ಎಂಟನೆಯ ದಿನಕ್ಕೆ ಹಂಪವ್ವನ ತುಟಿ ನೇರಳೆಯಾಯಿತು. ಹೊಟ್ಟೆ ಪಕ್ಕೆಯೊಳಗೆ ಸೆಳೆದುಕೊಂಡು ಉಸಿರೆಳೆಯುತ್ತಿದ್ದ ಮಗುವನ್ನು ಹೊತ್ತುಕೊಂಡು ಬಳ್ಳಾರಿಯ ಉಸಿರಾಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವಳ ಉಸಿರು ಎಣಿಸಿದೆ. ನಿಮಿಷಕ್ಕೆ ಐವತ್ತೆರಡು.

ಅಲ್ಲಿದ್ದ ಡಾಕ್ಟರಮ್ಮನ ಹೆಸರು ನಜೀಮಾ. ಸಣ್ಣ ವಯಸ್ಸು, ಮಾತು ಕಡಿಮೆ. ಮಗುವಿನ ಮೂಗಿಗೆ ಹಬೆಯೌಷಧ ಹಿಡಿದು, ಮೂರನೆಯ ದಿನ ಉಸಿರು ಹದಕ್ಕೆ ಬಂದ ಮೇಲೆ ಚೀಟಿ ಕೇಳಿದರು. ಕೊಟ್ಟೆ. ಪ್ರೊಸೋಪಿಸ್ ಹತ್ತಿರ ಹೋಗಿದ್ದಳೇ ಎಂದರು. ಆ ಮರ ನಮ್ಮೂರಲ್ಲಿ ಒಂದೂ ಇಲ್ಲ, ನಾನೇ ನಿಂತು ಕಡಿಸಿದ್ದೇನೆ ಎಂದು ಎದೆಯುಬ್ಬಿಸಿ ಹೇಳಿದೆ. ಅವರು ನನ್ನ ಮುಖ ನೋಡಿದರು. ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿ ಮಗುವನ್ನು ಕೇಳಿದರು, ಇದನ್ನು ಎಲ್ಲಾದರೂ ನೋಡಿದ್ದೀಯಾ ಪುಟ್ಟಿ ಎಂದು. ಇಲಿಬಾಲದಂಥ ಹಳದಿ ಗೊಂಚಲು.

ಹಂಪವ್ವ ಮೂಗಿನ ಕೊಳವೆ ಸರಿಸಿದಳು.

"ಇದು ಸರ್ಕಾರಿ," ಅಂದಳು. "ನಮ್ಮ ಮನಿಯಾಟದ ಮನಿ. ಅಜ್ಜಿ, ಇದಕ್ಕ ಯಾರೂ ಜಾಲಿ ಅನ್ನಂಗಿಲ್ಲಲ್ಲ?"

ಆರು ವರ್ಷದ ಮಗು ಚೀಟಿಯನ್ನು ಸರಿಯಾಗಿ ಓದಿತು. ನಲವತ್ತು ವರ್ಷ ಓದಿದ ನಾನು ತಪ್ಪಾಗಿ ಓದಿದ್ದೆ.

ಇಲ್ಲಿಯವರೆಗಿನದು ತಪ್ಪು. ಮುಂದಿನದಕ್ಕೆ ಬೇರೆ ಹೆಸರಿದೆ. ಉಳಿದ ಹದಿನಾರು ಮಕ್ಕಳು ಆ ಹೊತ್ತಿಗೂ ಏರಿಯ ಮೇಲೆ ಆಡುತ್ತಿದ್ದವು. ಊರಿಗೆ ಒಂದು ಮಾತು ಕಳಿಸಲು ನನಗೆ ಬೇಕಾದದ್ದು ಅರ್ಧ ನಿಮಿಷ. ಆಸ್ಪತ್ರೆಯ ಬಾಗಿಲಲ್ಲೇ ಮಾತುಗಂಬ ಇತ್ತು, ಅಂದರೆ ಊರಿಂದೂರಿಗೆ ಕೂಗು ಮುಟ್ಟಿಸುವ ಯಂತ್ರ. ಎರಡು ಸಲ ಅದರ ಮುಂದೆ ಹೋಗಿ ನಿಂತೆ. ಏನೆಂದು ಹೇಳಲಿ? ನಲವತ್ತೊಂದು ಮರ ಸುಮ್ಮನೆ ಕಡಿಸಿದೆ ಎಂದೇ? ಹನ್ನೊಂದು ಊರಿನವರು ನಾಳೆಯಿಂದ ನನ್ನ ಬಾಗಿಲಿಗೆ ಬಂದಾರೆಯೇ? ಜಡೆಪ್ಪನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಊರಿಗೆ ಹೋಗಿ ಎದುರಿಗೇ ಹೇಳಿದರಾಯಿತು, ಮರ್ಯಾದೆಯಾಗಿ, ಸರಿಯಾದ ಮಾತು ಹುಡುಕಿ ಹೇಳೋಣ ಎಂದುಕೊಂಡೆ. ಮಗುವಿನ ಪಕ್ಕದಲ್ಲಿ ಕುಳಿತು ನಾಲ್ಕು ದಿನ ಸರಿಯಾದ ಮಾತು ಹುಡುಕಿದೆ. ಮಾತಿನವರ ರೋಗ ಇದು: ಹೇಳಬೇಕಾದದ್ದಕ್ಕಿಂತ ಹೇಳುವ ಬಗೆ ದೊಡ್ಡದಾಗುತ್ತದೆ.

ನಾನು ಹಂಪವ್ವನ ಕೈ ಹಿಡಿದು ಊರಿಗಿಳಿದಾಗ ಮಾರೆಕ್ಕನ ಮನೆಯ ಮುಂದೆ ಜನ ಸೇರಿದ್ದರು. ಅವಳ ಮಗಳು ಪಾರಿ. ಆರು ವರ್ಷ, ದರ್ಜೆಯೂ ಆರು. ಹಿಂದಿನ ಸಂಜೆ ಪೊದೆಯ ಕೆಳಗಿನಿಂದ ಎತ್ತಿಕೊಂಡು ಬಂದಿದ್ದರು. ಬಳ್ಳಾರಿಯ ದಾರಿ ಅರ್ಧ ಸವೆಯುವುದರೊಳಗೆ ಮುಗಿದುಹೋಗಿತ್ತು.

ಅಲ್ಲಿಯೇ ಹೇಳಿದೆ. ನಾಲ್ಕು ದಿನ ಹುಡುಕಿಟ್ಟ ಮಾತು ಒಂದೂ ನೆನಪಿಗೆ ಬರಲಿಲ್ಲ. ಜಾಲಿ ಅಲ್ಲ, ಸರ್ಕಾರಿ, ನನಗೆ ಗೊತ್ತಾಗಿ ನಾಲ್ಕು ದಿನ ಆಯಿತು, ಅಷ್ಟೇ ಅಂದೆ. ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗಂಡಸರು ಕೊಡಲಿ ಹುಡುಕಿಕೊಂಡು ಏರಿಯ ಕಡೆ ಓಡಿದರು. ಆದರೆ ಸರ್ಕಾರಿ ಕಡಿದರೆ ಮುಗಿಯುವ ಗಿಡವಲ್ಲ. ಒಂದು ಬುಡ ಕಡಿದಲ್ಲಿ ಏಳು ಚಿಗುರುತ್ತವೆ, ಏರಿ ಹನ್ನೆರಡು ಮೈಲಿ ಇದೆ, ಊರಿನ ಒಲೆಗಳೆಲ್ಲ ಉರಿಯುವುದು ಅದರ ಸೌದೆಯಿಂದಲೇ. ಕರಿಜಾಲಿಯ ಕಾಯಿ ಇಲ್ಲದೆ ಜಡೆಪ್ಪನ ಕುರಿಗಳು ಈಗ ಸರ್ಕಾರಿಯ ಕಾಯಿ ತಿನ್ನುತ್ತವೆ, ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಹಾಕುತ್ತವೆ. ಕಂಬದ ಪೆಟ್ಟಿಗೆಯ ಅಂಕೆ ವರ್ಷದಿಂದ ವರ್ಷಕ್ಕೆ ಏರಿದೆ. ಹದಿನಾರು ಮಕ್ಕಳು ಮತ್ತೆ ಕಿಟಕಿಯ ಹಿಂದೆ ಕುಳಿತಿವೆ. ಹಂಪವ್ವ ನನ್ನ ಜೊತೆ ಮಾತಾಡುತ್ತಾಳೆ, ಊಟ ಮಾಡುತ್ತಾಳೆ, ಆದರೆ ನಾನು ಏನು ಹೇಳಿದರೂ ಇನ್ನೊಬ್ಬರನ್ನು ಕೇಳಿಕೊಂಡು ಬರುತ್ತಾಳೆ. ಒಳ್ಳೆಯ ಅಭ್ಯಾಸ. ಕಲಿಸಿದವಳು ನಾನೇ.

ಜಡೆಪ್ಪನ ಹಟ್ಟಿಗೂ ಹೋಗಿದ್ದೆ. ಅವನು ಕುರಿಯ ಗೊರಸು ನೋಡುತ್ತಿದ್ದ, ತಲೆ ಎತ್ತಲಿಲ್ಲ. ತಪ್ಪಾಯಿತು ಅಂದೆ. ಮರಕ್ಕೆ ಹೇಳಬೇಕಾಗಿತ್ತು ಅಂದ. ಅವನು ಇವತ್ತಿನವರೆಗೆ ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಚೀಟಿ ಓದುವುದನ್ನು ಬಿಟ್ಟುಬಿಟ್ಟೆ ಎಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತು. ಬಿಡಲಾಗಲಿಲ್ಲ. ಹನ್ನೊಂದು ಊರಿಗೆ ಬೇರೆ ಯಾರೂ ಇಲ್ಲ. ಈಗ ಮೊದಲು ಕೊನೆಯ ಸಾಲು ಓದುತ್ತೇನೆ. ಯಾವ ತಿಂಗಳು ಕೆಮ್ಮು, ಮನೆಯೊಳಗೋ ಹೊರಗೋ, ಹಾಸಿಗೆ ಕೊಡವಿದಾಗಲೋ ಗಾಳಿ ಬೀಸಿದಾಗಲೋ ಎಂದು ಕೇಳುತ್ತೇನೆ. ಜನಕ್ಕೆ ಬೇಸರ. ಗಾಳೆಮ್ಮನಿಗೆ ವಯಸ್ಸಾಯಿತು, ಮೊದಲಿನ ಚುರುಕಿಲ್ಲ ಅನ್ನುತ್ತಾರೆ. ಅನ್ನಲಿ.

ಇವತ್ತು ಬೆಳಿಗ್ಗೆ ಮಾರೆಕ್ಕ ಬಂದಳು. ಎರಡು ವರ್ಷದಲ್ಲಿ ನನ್ನ ಹೊಸ್ತಿಲು ತುಳಿದದ್ದು ಇದೇ ಮೊದಲು. ಪಾರಿಯ ತಂಗಿ ಕೆಂಚಮ್ಮನಿಗೆ ಐದು ತುಂಬಿದೆ, ಪುಷ್ಯದಲ್ಲೇ ರಕ್ತ ಕೊಟ್ಟಿದ್ದಾರೆ, ಬಂದ ಚೀಟಿಯನ್ನು ಇಷ್ಟು ದಿನ ಮಡಚಿಟ್ಟಿದ್ದಳು. ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಬಿಡಿಸಿದೆ, ಕನ್ನಡಕ ಹಾಕಿಕೊಂಡೆ, ಬಾಯಿ ತೆರೆದೆ. ಅವಳು ಚೀಟಿಯ ಮೇಲೆ ಅಂಗೈ ಇಟ್ಟಳು.

"ಓದಬ್ಯಾಡ ಅತ್ತಿ," ಅಂದಳು. "ತೋರ್ಸು."

ಇಬ್ಬರೂ ಮೂಗುಬಟ್ಟೆ ಕಟ್ಟಿಕೊಂಡು ಹೊರಟೆವು. ಏರಿಯವರೆಗೆ ಅವಳು ನನ್ನ ಹಿಂದೆ ನಡೆದಳು. ಸರ್ಕಾರಿಯ ಮುಂದೆ ನಿಂತು ಕೊಂಬೆಯನ್ನು ಬೆರಳು ಮಾಡಿ ತೋರಿಸಿದೆ. ಅವಳು ಚೀಟಿಯ ಪ್ರೊಸೋಪಿಸ್ ಸಾಲನ್ನು ಒಮ್ಮೆ, ಗಿಡವನ್ನು ಒಮ್ಮೆ ನೋಡಿದಳು. ಆಮೇಲೆ ಪೊದೆಯ ಕೆಳಗಿನ ನೆಲವನ್ನು ನೋಡುತ್ತ ನಿಂತುಬಿಟ್ಟಳು. ಅಲ್ಲಿ ಒಲೆಯಂತೆ ಜೋಡಿಸಿದ ಮೂರು ಸಣ್ಣ ಕಲ್ಲು ಇನ್ನೂ ಹಾಗೇ ಇದ್ದವು.

ಹಿಂದಿನವರೇ, ನಾನು ನಿಮಗೆ ಗೊತ್ತಿಲ್ಲ, ನನಗೆ ನೀವು ಗೊತ್ತಿಲ್ಲ. ಒಂದೇ ಕೇಳುತ್ತೇನೆ. ನಿಮ್ಮ ಮಗುವಿನ ರಿಪೋರ್ಟು ಬಂದಾಗ ನನ್ನಂಥವರು ಯಾರಾದರೂ ಬಾಯಿ ತುಂಬ ಒಂದು ಹೆಸರು ಹೇಳಿಯಾರು. ಆ ಹೆಸರನ್ನು ನಂಬಿ ಮನೆಗೆ ಹೋಗಬೇಡಿ. ಅವರ ಕೈ ಹಿಡಿದು ಬಿಸಿಲಿಗೆ ಕರೆದುಕೊಂಡು ಹೋಗಿ, ಯಾವುದು ತೋರಿಸು ಅನ್ನಿ. ತೋರಿಸಲಾಗದವರ ಕೈಯಿಂದ ಚೀಟಿಯನ್ನು ಕಿತ್ತುಕೊಳ್ಳಿ.

ನಿಮ್ಮ ಮಕ್ಕಳ ಉಸಿರು ನೆಟ್ಟಗಿರಲಿ.

ಗಾಳೆಮ್ಮ
ಚೀಟಿಗಾರ್ತಿ, ಹೊಸಕಟ್ಟೆ